‘ಒಂದೇ ಒಂದು’ ಎನ್ನುವವರಿಗೆ

ಕನ್ನಡ ಮೇಷ್ಟರೊಬ್ಬರು ಮದ್ಯಪಾನವನ್ನು ಕುರಿತು ಬರೆಯಹೊರಟರೆಂದರೆ ಓದುಗರು ಪುಟ ತಿರುಗಿಸುವುದು ಸಹಜ. ನೀತಿಬೋಧೆಯ ಸಂತೆಯಲ್ಲಿ ಇನ್ನೊಂದು ಅಂಗಡಿ ತೆರೆಯಿತೆಂದು ಅವರು ಭಾವಿಸಿಯಾರು. ಆ ಭಯ ಬೇಡ. ನಾನು ಅದನ್ನು ಮುಟ್ಟದ ಮಡಿವಂತನಲ್ಲ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಕುಳಿತು, ಒಂದೆರಡು ಲೋಟ ಮುಗಿಸಿ, ಮನೆಗೆ ಮರಳುವಾಗ ಬೀದಿಯ ತಿರುವಿನಲ್ಲಿ ಏಲಕ್ಕಿ ಅಗಿಯುವ ಸಂಭಾವಿತ ಗೃಹಸ್ಥರಲ್ಲಿ ನಾನೂ ಒಬ್ಬನಾಗಿದ್ದೆ. ಆದ್ದರಿಂದ ಈ ಲೇಖನವನ್ನು ದಡದ ಮೇಲೆ ನಿಂತವನ ಉಪದೇಶವೆಂದು ಯಾರೂ ತಿಳಿಯಬೇಕಾಗಿಲ್ಲ. ನಲವತ್ತು ದಾಟಿದ ನಮ್ಮಂಥ ಗಂಡಸರು ಆ ಲೋಟದ ಸುತ್ತ ಒಂದು ಶಿಷ್ಟಾಚಾರವನ್ನು ಕಟ್ಟಿಕೊಂಡಿದ್ದೇವೆ. ನನ್ನ ಜಗಳವೆಲ್ಲ ಆ ಶಿಷ್ಟಾಚಾರದೊಡನೆ.

ಮೊದಲು ಭಾಷೆಯ ವಿಷಯ. ಅದು ನನ್ನ ಕಸುಬು. ಕೂಲಿಯವನು ‘ಕುಡಿಯುತ್ತಾನೆ’, ನಾವು ‘ತೆಗೆದುಕೊಳ್ಳುತ್ತೇವೆ’. ಅವನದು ಚಟ, ನಮ್ಮದು ಪಾರ್ಟಿ. ಅವನು ಬೀದಿಯಲ್ಲಿ ಬಿದ್ದರೆ ಕುಡುಕ. ನಮ್ಮವನು ಸೋಫಾದ ಮೇಲೆ ಒರಗಿದರೆ ‘ಪಾಪ, ಸುಸ್ತಾಗಿದಾನೆ.’ ಹೆಸರು ಹೇಳಿ ಕರೆಯಲು ನಮಗೆ ನಾಚಿಕೆ. ಅದಕ್ಕೇ ‘ಗುಂಡು’, ‘ಎಣ್ಣೆ’, ‘ತೀರ್ಥ’ ಎಂಬ ಮುಸುಕುಗಳು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ, ಬಡವರ ಮನೆ ಉಳಿಯಿತು ಎಂದು ಪಟ್ಟಣದ ವಿದ್ಯಾವಂತರು ತಲೆದೂಗಿದರು. ತಲೆದೂಗಿದ ಕೈಯಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಆ ಸುದ್ದಿಯನ್ನೂ ನಾವು ಓದಿ, ಮಡಿಸಿಟ್ಟೆವು. ಅದು ‘ಅವರ’ ಸಮಸ್ಯೆಯಾಗಿತ್ತು.

ಈಗ ನಮ್ಮ ಸಮಸ್ಯೆಗೆ ಬರೋಣ.

ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದ ನಾವು ನಾಲ್ವರು ಇಪ್ಪತ್ತು ವರ್ಷಗಳಿಂದ ಗೆಳೆಯರು. ಒಬ್ಬ ಈಗ ವಕೀಲ, ಒಬ್ಬ ಅಚ್ಚುಕೂಟ ನಡೆಸುತ್ತಾನೆ, ಒಬ್ಬ ಬ್ಯಾಂಕಿನಲ್ಲಿದ್ದಾನೆ, ನಾಲ್ಕನೆಯವನು ನಾನು. ಕಳೆದ ವರ್ಷ ದೀಪಾವಳಿ ಕಳೆದ ಮೇಲೊಂದು ಶನಿವಾರ ಸರಸ್ವತಿಪುರದ ಒಂದು ತಾರಸಿಯ ಮೇಲೆ ಸೇರಿದೆವು. ದೂರದಲ್ಲಿ ಚಾಮುಂಡಿ ಬೆಟ್ಟದ ದೀಪಸಾಲು, ಮುಂದೆ ಖಾರದ ಕಡಲೆಕಾಯಿ, ಕೋಡುಬಳೆ, ಹೆಚ್ಚಿದ ಸೌತೆಕಾಯಿ, ನಡುವೆ ಬಾಟಲಿ.

ಮಾತೆಲ್ಲ ವಯಸ್ಸಿನದೇ. ಒಂದು ಕಾಲಕ್ಕೆ ಪಾರ್ಟಿ ಮುಗಿಸಿ ಎದ್ದರೆ ಹಾಲಿನವನು ಎದುರಾಗುತ್ತಿದ್ದ; ಈಗ ಹತ್ತು ಗಂಟೆಗೇ ಆಕಳಿಕೆ ಎದುರಾಗುತ್ತದೆ ಎಂದ ವಕೀಲ. ಮೊದಲು ಜೇಬಿನಲ್ಲಿ ಸಿಗರೇಟು ತಡಕುತ್ತಿದ್ದವರು ಈಗ ಬಿ.ಪಿ. ಗುಳಿಗೆ ತಡಕುತ್ತೇವೆ ಎಂದ ಅಚ್ಚುಕೂಟದವನು. ಬಾಟಲಿಯ ಮೇಲಿನ ಎಚ್ಚರಿಕೆಯ ಸಾಲು ಓದಲು ಚಾಳೀಸು ಬೇಕಾದ ವಯಸ್ಸಿಗೆ ಎಚ್ಚರಿಕೆ ಓದಿ ಏನು ಪ್ರಯೋಜನ ಎಂದೆ ನಾನು. ಎಲ್ಲಕ್ಕೂ ನಕ್ಕೆವು. ನಕ್ಕದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ.

ಬ್ಯಾಂಕಿನವನ ಲೋಟ ಮಾತ್ರ ಖಾಲಿಯಿತ್ತು. ಅವನು ಅದರ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದ. ವಕೀಲ ಬಾಟಲಿ ಬಗ್ಗಿಸಿದಾಗ ಅವನೆಂದ: “ಬೇಡ ಕಣೋ. ಡಾಕ್ಟ್ರು ನನಗೆ ತೀರ್ಥ ನಿಲ್ಲಿಸಿಬಿಟ್ಟಿದಾರೆ. ಲಿವರ್ರು ರಾಜೀನಾಮೆ ಬರೆದಿಟ್ಟಿದೆಯಂತೆ.”

“ನೋಟೀಸ್ ಪೀರಿಯಡ್ ಇನ್ನೂ ಇದೆಯೋ ಇಲ್ವೋ?” ಎಂದ ವಕೀಲ.

ತಾರಸಿ ಹಾರಿಹೋಗುವಂತೆ ನಗು. ಆ ನಗು ಇಳಿಯುವ ಮೊದಲೇ ನಾನು ಅವನ ಕೈಯನ್ನು ಪಕ್ಕಕ್ಕೆ ಸರಿಸಿ, “ತೀರ್ಥ ಬೇಡವಾದರೆ ಪ್ರಸಾದ ಅಂತ ತಗೋಳಯ್ಯಾ, ಒಂದೇ ಒಂದು” ಎಂದು ಸುರಿದೆ. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ತಾನೂ ನಕ್ಕು ಲೋಟ ಎತ್ತಿದ.

ಮೂರು ವಾರದ ಮೇಲೆ ಅವನು ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ. ಆ ಸಂಜೆಯ ಒಂದು ಲೋಟವೇ ಇದಕ್ಕೆ ಕಾರಣವೆಂದು ವೈದ್ಯರು ಹೇಳಲಿಲ್ಲ. ಅದು ಬಹಳ ವರ್ಷಗಳ ಲೆಕ್ಕ. ಆದರೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವನ ಹೆಂಡತಿ ನನ್ನನ್ನು ಒಂದು ಮಾತು ಕೇಳಿದರು: “ಆವತ್ತು ನಿಮ್ಮೆಲ್ಲರಿಗೂ ಹೇಳಿಬಿಡ್ತೀನಿ ಅಂತಲೇ ಹೊರಟಿದ್ರು. ಮನೇಲಿ ಹೇಳೋಕಾಗದ ಭಯವನ್ನೆಲ್ಲ ನಿಮ್ಮ ಹತ್ತಿರ ಹೇಳ್ಕೋತೀನಿ ಅಂದಿದ್ರು. ಹೇಳಿದ್ರಾ ಅಣ್ಣಾ?”

ಹೇಳಿದ್ದ. ನಾವು ನಕ್ಕಿದ್ದೆವು.

ಇಷ್ಟು ನನ್ನ ಕಡೆಯ ತಪ್ಪೊಪ್ಪಿಗೆ. ಇನ್ನು ವಾದ. ಈ ವಿಷಯವನ್ನು ನಾನು ನಾಲ್ಕಾರು ಕಡೆ ಎತ್ತಿದಾಗ ನನಗೆ ಬಂದ ಉತ್ತರಗಳು ಮೂರು ಬಗೆಯವು. ಒಂದೊಂದನ್ನೂ ನೋಡೋಣ.

ಮೊದಲನೆಯದು ಪರಂಪರೆಯ ವಾದ. ಮಧುಪಾನವಿಲ್ಲದೆ ಮಹಾಕಾವ್ಯವುಂಟೇ ಎಂದು ಸಹೋದ್ಯೋಗಿಯೊಬ್ಬರು ನನ್ನ ಪಾಠವನ್ನು ನನಗೇ ಒಪ್ಪಿಸಿದರು. ನಿಜ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳ ಪಟ್ಟಿಯಲ್ಲಿ ದಂಡಿ ಮಧುಪಾನವನ್ನೂ ಸೇರಿಸಿದ್ದಾನೆ. ನಮ್ಮ ಹಳಗನ್ನಡ ಕವಿಗಳೂ ಆ ಪಟ್ಟಿಗೆ ಕೊರತೆ ಮಾಡಲಿಲ್ಲ. ಡಿ.ವಿ.ಜಿ.ಯವರಂಥ ಶುದ್ಧಜೀವಿಯೂ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರು. ನನ್ನ ಹಾಗೆಯೇ ಕನ್ನಡ ಅಧ್ಯಾಪಕರಾಗಿದ್ದ ಜಿ.ಪಿ. ರಾಜರತ್ನಂ ತಾವು ಕುಡಿಯದೆಯೇ ಯೆಂಡ್ಕುಡ್ಕ ರತ್ನನಿಗೆ ಜೀವ ಕೊಟ್ಟರು. ಆದರೆ ರತ್ನನನ್ನು ಓದಿದವರು ಒಂದು ಅಂಶವನ್ನು ಗಮನಿಸಬೇಕು. ಆ ಬಡವ ತನ್ನ ಬಡತನ, ತನ್ನ ಪುಟ್ನಂಜಿ, ತನ್ನ ನುಡಿ ಎಲ್ಲವನ್ನೂ ಮನಬಿಚ್ಚಿ ಹೇಳಿಕೊಳ್ಳುತ್ತಾನೆ. ಕುಡಿಯದ ಕವಿ ಕುಳಿತು ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಳ್ಳುವವನು ಇದ್ದುದರಿಂದಲೇ ಆ ಪದಗಳು ಹುಟ್ಟಿದುವು. ನಮ್ಮ ತಾರಸಿಯ ಮೇಲೆ ಹೇಳುವವನು ಇದ್ದ, ಕೇಳುವವನೇ ಇರಲಿಲ್ಲ. ಪರಂಪರೆಯನ್ನು ಸಾಕ್ಷಿಗೆ ಕರೆಯುವವರು ಅದರ ಪೂರ್ತಿ ಹೇಳಿಕೆಯನ್ನು ಕೇಳಬೇಕು.

ಎರಡನೆಯದು ಸ್ನೇಹದ ವಾದ. ಲೋಟವಿಲ್ಲದೆ ಗಂಡಸರು ಮನಸ್ಸು ಬಿಚ್ಚುವುದಿಲ್ಲವಂತೆ. ಮದ್ಯ ನಾಲಿಗೆಯನ್ನು ಸಡಿಲಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಅದು ಕಿವಿಗೆ ಮಾಡುವ ಉಪಕಾರವೇನು? ಎಲ್ಲರ ನಾಲಿಗೆಯೂ ಒಮ್ಮೆಗೇ ಸಡಿಲಾದ ಕೂಟದಲ್ಲಿ ಒಬ್ಬನ ಸಂಕಟ ಇನ್ನೊಬ್ಬನ ಚಟಾಕಿಗೆ ಮೊದಲನೆಯ ಸಾಲಾಗುತ್ತದೆ, ಅಷ್ಟೆ. ಹಾಸ್ಟೆಲಿನ ದಿನಗಳಲ್ಲಿ ನಮಗೆ ಬಾಟಲಿಗೆ ಕಾಸಿರಲಿಲ್ಲ. ಇದೇ ವಕೀಲನ ತಂದೆಗೆ ಲಕ್ವ ಹೊಡೆಯಿತೆಂದು ರಾತ್ರಿ ಫೋನು ಬಂದಾಗ, ಬೈಟು ಕಾಫಿಯ ಮುಂದೆ ಕುಳಿತಿದ್ದ ನಾವು ಮೂವರು ಜೇಬು ಕೊಡವಿ, ಅವನನ್ನು ಹಾಸನದ ಮೊದಲ ಬಸ್ಸಿಗೆ ಹತ್ತಿಸಿದೆವು. ಬಸ್ಸು ಹೊರಡುವ ತನಕ ಅವನು ಅಳುತ್ತಿದ್ದ, ನಾವು ಪಕ್ಕದಲ್ಲಿ ನಿಂತಿದ್ದೆವು. ಆ ರಾತ್ರಿ ಯಾರೂ ಚಟಾಕಿ ಹಾರಿಸಲಿಲ್ಲ. ಹಾಗೆ ನಿಲ್ಲಲು ಅರ್ಧ ಲೋಟ ಕಾಫಿ ಸಾಕಾಗಿತ್ತು. ಇಪ್ಪತ್ತು ವರ್ಷಗಳಲ್ಲಿ ನಮ್ಮ ಸಂಬಳ ಏರಿತು, ಬಾಟಲಿಯ ದರ್ಜೆಯೂ ಏರಿತು. ನಿಲ್ಲುವ ಅಭ್ಯಾಸ ಮಾತ್ರ ತಪ್ಪಿಹೋಯಿತು.

ಮೂರನೆಯದು ನಗುವಿನ ವಾದ. ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ನಗದಿದ್ದರೆ ಮುಪ್ಪನ್ನು ಸಹಿಸುವುದಾದರೂ ಹೇಗೆ ಎಂದು ಕೇಳುತ್ತಾರೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಗಾದೆ ಕಟ್ಟಿದ ಜನ ನಾವು. ನಗುವುದಕ್ಕೆ ನನ್ನ ತಕರಾರಿಲ್ಲ. ಆಕಳಿಕೆಗೆ ನಗೋಣ, ನರೆಗೆ ನಗೋಣ, ಹೊಟ್ಟೆಯ ಸುತ್ತಳತೆಗೆ ನಗೋಣ. ಆದರೆ ನಮ್ಮ ಕೂಟಗಳಲ್ಲಿ ನಗು ಕಾವಲುಗಾರನ ಕೆಲಸಕ್ಕೆ ಸೇರಿದೆ. ಭಯ ಒಳಗೆ ಬರಬೇಕಾದರೆ ತಮಾಷೆಯ ವೇಷ ಹಾಕಿಕೊಂಡೇ ಬರಬೇಕು. ವೇಷ ಹಾಕಿಕೊಂಡು ಬಂದರೆ ಒಳಗಿದ್ದವರು ಅದನ್ನು ತಮಾಷೆಯೆಂದೇ ತಿಳಿಯುತ್ತಾರೆ. ನಮ್ಮ ಗೆಳೆಯ ನೆಟ್ಟಗೆ ‘ನನಗೆ ಹೆದರಿಕೆಯಾಗಿದೆ’ ಎಂದಿದ್ದರೆ ಕೂಟದ ಧರ್ಮ ಕೆಡುತ್ತಿತ್ತು. ಆದ್ದರಿಂದ ಅವನು ರಾಜೀನಾಮೆಯ ಮಾತಾಡಿದ. ಅವನು ನಮ್ಮ ನಿಯಮವನ್ನು ಪಾಲಿಸಿದ, ನಾವೂ ಪಾಲಿಸಿದೆವು. ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದೆವು.

ದೇಹದ ವಿಷಯವನ್ನೂ ಹೇಳಬೇಕು, ಏಕೆಂದರೆ ಅದು ನಮ್ಮ ಚಟಾಕಿಗಳಿಗೆ ಕಾಯುವುದಿಲ್ಲ. ವಯಸ್ಸಾದಂತೆ ಶರೀರದಲ್ಲಿ ನೀರಿನ ಅಂಶ ಕಡಮೆಯಾಗುತ್ತದೆ. ಇಪ್ಪತ್ತೈದರಲ್ಲಿ ಕುಡಿದ ಅಳತೆಯನ್ನೇ ಐವತ್ತರಲ್ಲಿ ಕುಡಿದರೂ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತದೆ. ಯಕೃತ್ತು ಬಹುಕಾಲ ನೋವೆಂದು ಕೂಗದೆಯೇ ಕೆಡಬಲ್ಲ ಅಂಗ. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ವರ್ಗಕ್ಕೆ ಅಂತರರಾಷ್ಟ್ರೀಯ ತಜ್ಞರು ಸೇರಿಸಿದ್ದು 1988ರಲ್ಲಿ. ಆರೋಗ್ಯಕ್ಕೆ ಅಪಾಯವಿಲ್ಲದ ಅಳತೆಯೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು. ಇಷ್ಟನ್ನು ತಿಳಿದೂ ಒಬ್ಬ ತನ್ನ ಲೋಟವನ್ನು ತಾನು ತುಂಬಿಕೊಂಡರೆ ಅದು ಅವನ ಲೆಕ್ಕ. ನಮ್ಮ ರಾಜ್ಯದ ಬಹುಭಾಗದಲ್ಲಿ 1967ರವರೆಗೂ ಪಾನನಿರೋಧವಿತ್ತು. ಕಾನೂನು ಬಾಗಿಲು ಮುಚ್ಚಿದರೆ ಕುಡಿತ ಹಿತ್ತಲಿಗೆ ಹೋಗುತ್ತದೆಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ನಾನು ಕೇಳುತ್ತಿರುವುದು ಪೊಲೀಸರನ್ನಲ್ಲ. ಇನ್ನೊಬ್ಬನ ಲೋಟ ತುಂಬಲು ನನಗೆ ಏನು ಹಕ್ಕಿತ್ತು ಎಂದು ಕೇಳುತ್ತಿದ್ದೇನೆ.

‘ಒಂದೇ ಒಂದು’ ಎಂಬ ಮಾತು ನಮಗೆ ಮದುವೆಯ ಪಂಕ್ತಿಯಿಂದ ಬಂದದ್ದು. ಅಲ್ಲಿಯೂ ಹೋಳಿಗೆಗೆ ಬಲವಂತವುಂಟು. ಆದರೆ ಉಣ್ಣುವವನು ಎರಡು ಕೈಯನ್ನೂ ಎಲೆಯ ಮೇಲೆ ಅಡ್ಡ ಹಿಡಿದನೆಂದರೆ ಬಡಿಸುವವನು ಮುಂದಕ್ಕೆ ಹೋಗುತ್ತಾನೆ. ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಿದವನನ್ನು ನಾನು ಯಾವ ಮದುವೆಯಲ್ಲೂ ಕಂಡಿಲ್ಲ. ಉಪಚಾರಕ್ಕೂ ಒಂದು ಮೇರೆಯಿದೆ ಎಂಬುದು ಅಡಿಗೆಯವರ ಮನೆಯ ಹುಡುಗನಿಗೂ ಗೊತ್ತು. ಎಂ.ಎ. ಓದಿದ ನನಗೆ ಅಂದು ಗೊತ್ತಾಗಲಿಲ್ಲ.

ಕ್ರಿ.ಪೂ. 44ರಲ್ಲಿ ಸಿಸೆರೋ ಮುಪ್ಪನ್ನು ಕುರಿತು ಒಂದು ಸಂವಾದ ಬರೆದು ತನ್ನ ಗೆಳೆಯ ಆಟಿಕಸನಿಗೆ ಅರ್ಪಿಸಿದ. ಅದರಲ್ಲಿ ಮುದುಕ ಕೇಟೋ ಒಂದು ಸೊಗಸಾದ ಮಾತನ್ನಾಡುತ್ತಾನೆ. ಗೆಳೆಯರ ಕೂಟಕ್ಕೆ ಗ್ರೀಕರು ‘ಕೂಡಿ ಕುಡಿಯುವುದು’ ಎಂದು ಹೆಸರಿಟ್ಟರು. ರೋಮಿನ ಹಿರಿಯರು ‘ಕೂಡಿ ಬಾಳುವುದು’ ಎಂದಿಟ್ಟರು. ನಮ್ಮದೇ ಮೇಲು ಎಂಬುದು ಅವನ ಅಭಿಪ್ರಾಯ. ಅವನೂ ಬಟ್ಟಲನ್ನು ಬಿಟ್ಟವನಲ್ಲ. ಸಣ್ಣ ಬಟ್ಟಲೆಂದರೆ ಅವನಿಗೆ ಇಷ್ಟ. ಆದರೆ ಹೆಸರು ಯಾವುದರಿಂದ ಬರಬೇಕೆಂಬುದು ಅವನಿಗೆ ತಿಳಿದಿತ್ತು. ನಮ್ಮ ‘ಗೋಷ್ಠಿ’ಯ ಮೂಲ ‘ಗೋಷ್ಠ’, ಎಂದರೆ ಹಟ್ಟಿ. ದನ ಕೂಡುವ ಕಡೆ ಜನ ಕೂಡಿ ಮಾತಾಡಿದ್ದರಿಂದ ಆ ಪದ ಬೆಳೆಯಿತು. ಹಟ್ಟಿಯಲ್ಲಿ ಒಂದು ದನ ಮೇವು ಬಿಟ್ಟು ನಿಂತರೆ ಕಾಯುವವನು ಅದರ ಮೈ ಮುಟ್ಟಿ ನೋಡುತ್ತಾನೆ. ನಮ್ಮ ಗೋಷ್ಠಿಯಲ್ಲಿ ಒಬ್ಬ ಲೋಟ ಬಿಟ್ಟು ಕುಳಿತಾಗ ನಾವು ಅಷ್ಟನ್ನೂ ಮಾಡಲಿಲ್ಲ.

ಆದ್ದರಿಂದ ತಾರಸಿಗಳ ಮೇಲೆ ಸೇರುವ ನನ್ನ ವಯಸ್ಸಿನವರಲ್ಲಿ ನನ್ನ ಬೇಡಿಕೆ ಎರಡೇ. ಲೋಟದ ಮೇಲೆ ಅಂಗೈ ಇಟ್ಟವನನ್ನು ಬಲವಂತ ಮಾಡಬೇಡಿ. ಅವನು ಕಾರಣ ಹೇಳಲೇಬೇಕಾಗಿಲ್ಲ. ತನ್ನ ದೇಹದ ಮೇಲೆ ತಾನೇ ತಮಾಷೆ ಮಾಡಿಕೊಂಡವನನ್ನು ನೋಡಿ ಎಲ್ಲರೂ ನಗಲಿ, ಒಬ್ಬ ಮಾತ್ರ ನಗದಿರಲಿ. ಆ ಒಬ್ಬ ‘ಏನಂದ್ರೋ ಡಾಕ್ಟ್ರು, ಸರಿಯಾಗಿ ಹೇಳು’ ಎಂದು ಕೇಳಲಿ.

ನಮ್ಮ ಗೆಳೆಯ ಈಗ ಮನೆಯಲ್ಲಿದ್ದಾನೆ. ಉಪ್ಪು ಕಡಮೆಯ ಸಾರು, ಸಂಜೆಗೆ ನಡಿಗೆ, ತಿಂಗಳಿಗೊಮ್ಮೆ ಪರೀಕ್ಷೆ. ಮುಂದೇನೆಂಬುದನ್ನು ವೈದ್ಯರು ಗಟ್ಟಿಯಾಗಿ ಹೇಳುತ್ತಿಲ್ಲ. ಬರುವ ತಿಂಗಳು ಅವನ ಮನೆಯಲ್ಲೇ, ಬಾಟಲಿಯಿಲ್ಲದೆ, ಕೂಡೋಣವೆಂದು ನಾನು ಸೂಚಿಸಿದೆ. ವಕೀಲ ಒಳ್ಳೆಯವನು, ಆಸ್ಪತ್ರೆಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟವನು ಅವನೇ. ಆದರೂ ಅವನ ಬಾಯಿಂದ ಹೊರಟ ಮಾತು ಇದು: “ಬರ್ತೀನಿ ಕಣಯ್ಯಾ. ಆದರೆ ಎಣ್ಣೆ ಇಲ್ಲದೆ ಮೂರು ಗಂಟೆ ಕೂತು ಏನು ಮಾತಾಡೋದು?”

ಇಪ್ಪತ್ತು ವರ್ಷದ ಗೆಳೆತನ ಈ ಪ್ರಶ್ನೆಗೆ ಉತ್ತರ ಕೊಡಲಾರದಾದರೆ, ನಾವು ಇಷ್ಟು ದಿನ ಗೆಳೆಯರಾಗಿದ್ದದ್ದು ಒಬ್ಬರಿಗೊಬ್ಬರೋ ಬಾಟಲಿಗೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಓದುಗರೂ ತಮ್ಮ ತಮ್ಮ ಕೂಟದಲ್ಲಿ ಒಮ್ಮೆ ಕೇಳಿ ನೋಡಲಿ.