ಹಿಡಿದು ನೋಡಿದ್ದಕ್ಕೆ ಎಷ್ಟು ಕೊಡ್ತೀರಿ?

ಕಳೆದ ಜನವರಿಯಲ್ಲಿ ಇಂಗ್ಲೆಂಡಿನ ರೀಡಿಂಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮನೆಯೆಲ್ಲ ಬೆಚ್ಚಗಿತ್ತು, ಕೂರುವ ಕೋಣೆ ಮಾತ್ರ ತಣ್ಣಗೆ. ಅಲ್ಲಿನ ರೇಡಿಯೇಟರ್ ಎರಡು ತಿಂಗಳಿಂದ ಬಿಸಿಯಾಗಿರಲಿಲ್ಲವಂತೆ. ಒಂದು ಕಂಪನಿಯ ತಂತ್ರಜ್ಞ ಬಂದು ಬಾಯ್ಲರ್ ತೆರೆದು ನೋಡಿ, ಪೈಪುಗಳಲ್ಲಿ ಕೆಸರು ಕೂತಿದೆ, ಯಂತ್ರ ಹಚ್ಚಿ ಇಡೀ ಮನೆಯ ಪೈಪು ತೊಳೆಯಬೇಕು, 600 ಪೌಂಡ್ ಆಗುತ್ತದೆ, ಬಾಯ್ಲರಿಗೂ ಹನ್ನೆರಡು ವರ್ಷವಾಯಿತು, ಅದನ್ನೂ ಬದಲಾಯಿಸಿಬಿಡಿ ಎಂದು ಹೇಳಿ ಹೋಗಿದ್ದ. ಭೇಟಿ ಉಚಿತ. ಆ ಕೊನೆಯ ಎರಡು ಶಬ್ದಗಳ ಮೇಲೆಯೇ ನನ್ನ ತಕರಾರು.

ಈ ವ್ಯವಸ್ಥೆಯನ್ನು ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ಕೋಣೆ ಕೋಣೆಯ ರೇಡಿಯೇಟರಿಗೆ ತಳ್ಳುತ್ತದೆ, ತಣಿದ ನೀರು ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಪ್ರತಿ ರೇಡಿಯೇಟರಿನ ಎರಡು ತುದಿಗೂ ಒಂದೊಂದು ವಾಲ್ವ್. ಒಂದರ ತಲೆಯ ಮೇಲೆ 1ರಿಂದ 5ರವರೆಗೆ ಅಂಕಿ. ಅದು ಮನೆಯವರು ತಿರುಗಿಸಲಿಕ್ಕೆ. ಇನ್ನೊಂದಕ್ಕೆ ಬರೀ ಪ್ಲಾಸ್ಟಿಕ್ ಟೊಪ್ಪಿ. ಅದನ್ನು ಲಾಕ್‌ಶೀಲ್ಡ್ ಅನ್ನುತ್ತಾರೆ, ಯಾರೂ ಮುಟ್ಟುವುದಿಲ್ಲ. ನೀರು ಸುಲಭದ ದಾರಿ ಹುಡುಕುತ್ತದಲ್ಲ, ಬಾಯ್ಲರಿಗೆ ಹತ್ತಿರದ ರೇಡಿಯೇಟರುಗಳೇ ಎಲ್ಲ ಬಿಸಿಯನ್ನೂ ನುಂಗಬಾರದೆಂದು ಈ ವಾಲ್ವನ್ನು ಎಲ್ಲಿ ಎಷ್ಟು ಬೇಕೋ ಅಷ್ಟೇ ತೆರೆದಿಟ್ಟಿರುತ್ತಾರೆ.

ಇದರ ರೋಗ ಪತ್ತೆಗೆ ಮೊದಲು ಬೇಕಾದ ಉಪಕರಣ ಅಂಗೈ. ರೇಡಿಯೇಟರಿನ ಕೆಳಗೆ ಬಿಸಿಯಾಗಿ ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಚಿಕ್ಕ ಕೀಲಿಯಿಂದ ಹೊರಗೆ ಬಿಟ್ಟರಾಯಿತು. ಮೇಲೆ ಬಿಸಿ, ತಳದ ನಡುಭಾಗ ತಣ್ಣಗೆ ಎಂದರೆ ಕೆಸರು. ಉಕ್ಕು ತುಕ್ಕು ಹಿಡಿದು ಆಗುವ ಮ್ಯಾಗ್ನಟೈಟ್ ಎಂಬ ಕಪ್ಪು ಪುಡಿ ತಳದಲ್ಲಿ ಕೂತಿರುತ್ತದೆ. ಇಡೀ ರೇಡಿಯೇಟರ್ ತಣ್ಣಗಿದ್ದು ಉಳಿದವೆಲ್ಲ ಬಿಸಿಯಿದ್ದರೆ ಮೊದಲ ಅನುಮಾನ ಅದರ ವಾಲ್ವುಗಳ ಮೇಲೆ ಹೋಗಬೇಕು, ಬಾಯ್ಲರಿನ ಮೇಲಲ್ಲ. ಅಂಕಿಯಿರುವ ವಾಲ್ವಿನ ಒಳಗಿನ ಪಿನ್ನು ಬೇಸಿಗೆಯಲ್ಲಿ ಕೆಲಸವಿಲ್ಲದೆ ಕೂತು ಅಂಟಿಕೊಂಡುಬಿಡುವುದು ಮಾಮೂಲು.

ಬಾಯ್ಲರಿನ ಒಳಗೆ ನಾನು ಕೈ ಹಾಕಲಿಲ್ಲ. ಅಲ್ಲಿ ಗ್ಯಾಸಿನ ಕೆಲಸ ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿದ್ದವರೇ ಆಗಿರಬೇಕು, ಅದು ಸರಿಯಾದ ಕಾನೂನು. ಆದರೆ ಪೈಪು ಮುಟ್ಟಲು ಯಾರ ಪರವಾನಗಿ ಬೇಕು? ಎಲ್ಲ ರೇಡಿಯೇಟರುಗಳ ತಳ ಸವರಿದೆ. ಬೆಚ್ಚಗಿದ್ದವು, ಅಂದರೆ ಕೆಸರಿನ ವಾದ ಅಷ್ಟೇನೂ ಗಟ್ಟಿಯಲ್ಲ. ತಣ್ಣಗಿದ್ದ ರೇಡಿಯೇಟರಿನ ಒಂದು ಪೈಪು ನೆಲದ ಬಳಿ ಬಿಸಿ, ಮೇಲೆ ಬಂದಂತೆ ತಣ್ಣಗೆ. ಬಾಗಿಲವರೆಗೆ ಬಂದ ನೀರು ಒಳಗೆ ಹೋಗುತ್ತಿಲ್ಲ. ಅಂಕಿಯ ವಾಲ್ವಿನ ತಲೆ ಬಿಚ್ಚಿ ಪಿನ್ನು ಒತ್ತಿದೆ, ಸಲೀಸಾಗಿ ಆಡಿತು. ಆಮೇಲೆ ಇನ್ನೊಂದು ತುದಿಯ ಟೊಪ್ಪಿ ತೆಗೆದು ಸ್ಪ್ಯಾನರ್ ಹಾಕಿದರೆ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿದೆ!

"ಅಪ್ಪಾ, ಅಕ್ಟೋಬರ್‌ನಲ್ಲಿ ಪೇಂಟರ್ ಬಂದಿದ್ದ" ಎಂದಳು ಮಗಳು. ಗೋಡೆಗೆ ಬಣ್ಣ ಬಳಿಯಲು ರೇಡಿಯೇಟರ್ ಕಳಚುವಾಗ ಎರಡೂ ವಾಲ್ವ್ ಮುಚ್ಚಿದ್ದಾನೆ, ವಾಪಸು ಕೂರಿಸಿ ಒಂದನ್ನಷ್ಟೇ ತೆರೆದಿದ್ದಾನೆ. ಒಂದೂವರೆ ಸುತ್ತು ಬಿಚ್ಚಿ, ಗಾಳಿ ತೆಗೆದೆ. ಕಾಫಿ ಕುಡಿದು ಮುಗಿಯುವಷ್ಟರಲ್ಲಿ ಬಿಸಿ.

ಆ ತಂತ್ರಜ್ಞ ಮೋಸಗಾರ ಅಂತ ನನಗೆ ಅನ್ನಿಸುವುದಿಲ್ಲ. ಅವನ ಭೇಟಿಗೆ ಕಾಸಿಲ್ಲ. ನೆಲದ ಮೇಲೆ ಕೂತು ಅರ್ಧ ಗಂಟೆ ಪೈಪು ಸವರಿದರೆ ಅವನ ಕಂಪನಿಗೆ ಸಿಗುವುದು ಸೊನ್ನೆ. ತೊಳೆಯುವ ಯಂತ್ರ ತಂದರೆ 600. ಹಾಗಿರುವಾಗ ರೋಗ ಯಾವುದೆಂದು ಹೇಳುತ್ತಾನೆ? ಪರೀಕ್ಷೆ ಪುಕ್ಕಟೆಯಾದ ಕಡೆ ಔಷಧಿ ದುಬಾರಿಯಾಗಲೇಬೇಕು.

ಅಳಿಯ ನನ್ನನ್ನು ಹೊಗಳಿದ, ಆದರೆ ನನಗೆ ಒಳಗೊಳಗೇ ಇರಿಸುಮುರಿಸು. ಮೂರು ವರ್ಷದ ಹಿಂದೆ ಪುಣೆಯ ನಮ್ಮ ಸೊಸೈಟಿಯಲ್ಲಿ ನಡೆದದ್ದು ನೆನಪಾಗಿತ್ತು.

ನಮ್ಮಲ್ಲಿ ತಾರಸಿಯ ಸೋಲಾರ್‌ನಿಂದ ಎಲ್ಲ ಮನೆಗೂ ಬಿಸಿನೀರು ಬರುತ್ತದೆ. ಒಂದು ಚಳಿಗಾಲ ಬರೀ ಉಗುರುಬೆಚ್ಚಗಿನ ನೀರು. ಕಮಿಟಿಯವರು ಟ್ಯಾಂಕು, ಟ್ಯೂಬು ಎಲ್ಲ ಬದಲಾಯಿಸಲು ಕೊಟೇಶನ್ ತರಿಸಿದ್ದರು. ಅಷ್ಟರಲ್ಲಿ ವಿಜಯಪುರ ಕಡೆಯ ಒಬ್ಬ ಪ್ಲಂಬರ್ ಬೇರೆ ಕೆಲಸಕ್ಕೆ ಬಂದಿದ್ದ. ಕನ್ನಡದವನೆಂದು ಸಲಿಗೆಯಿಂದ ಕೇಳಿದೆ. ತಾರಸಿಗೆ ಹೋಗಿ ಟ್ಯಾಂಕಿನ ಬುಡದ ಪೈಪು ಹಿಡಿದ: ಸುಡುತ್ತಿತ್ತು. ಆಮೇಲೆ ಒಂದೊಂದು ಮಹಡಿಗೆ ಇಳಿಯುತ್ತ ಬಿಸಿನೀರಿನ ಕವಲುಗಳನ್ನು ಹಿಡಿಯುತ್ತ ಬಂದ. ನಾಲ್ಕನೇ ಮಹಡಿಯ ಒಂದು ಕವಲು ತಣ್ಣಗಿತ್ತು. "ಸಾಹೇಬ್ರ, ಈ ಮನ್ಯಾಗ ಎರಡೂ ನಳ ತೆರದಿಟ್ಟಾರ್ರೀ" ಅಂದ. ನಿಜ. ಆ ಮನೆಯ ಬಚ್ಚಲಲ್ಲಿ ಮಿಕ್ಸರಿನ ಬಿಸಿ-ತಣ್ಣೀರು ಎರಡನ್ನೂ ತೆರೆದು, ಹ್ಯಾಂಡ್ ಶವರನ್ನು ಮಾತ್ರ ಹಿಡಿಕೆಯಲ್ಲಿ ಬಂದ್ ಮಾಡಿದ್ದರು. ನಮ್ಮ ತಣ್ಣೀರಿಗೆ ಪ್ರೆಶರ್ ಪಂಪು, ಸೋಲಾರ್ ನೀರು ಬರುವುದು ಬರೀ ಇಳಿಜಾರಿನ ಒತ್ತಡದಲ್ಲಿ. ಹೊರಗೆ ಹೋಗಲು ದಾರಿಯಿಲ್ಲದ ತಣ್ಣೀರು ಮಿಕ್ಸರಿನ ಒಳಗೇ ದಾಟಿ ಬಿಸಿನೀರಿನ ಲೈನಿಗೆ ನುಗ್ಗುತ್ತಿತ್ತು. ಒಂದು ಬಚ್ಚಲಿನಿಂದ ಇಡೀ ಕಟ್ಟಡದ ನೀರು ಕೆಟ್ಟಿತ್ತು. (ನಿಮ್ಮ ಕಟ್ಟಡದಲ್ಲೂ ಇದೇ ದೂರಿದ್ದರೆ, ಕೊಟೇಶನ್ ತರಿಸುವ ಮೊದಲು ಮಿಕ್ಸರುಗಳನ್ನು ನೋಡಿ. ಆಮೇಲೆ ಕವಲುಗಳಿಗೆ ಹಿಂದಕ್ಕೆ ನೀರು ಬಿಡದ ವಾಲ್ವ್ ಹಾಕಿಸಬಹುದು.)

ಆತ 500 ರೂಪಾಯಿ ಕೇಳಿದ. "ಏನು ಮಾಡಿದ್ದೀಯಪ್ಪ, ನಲ್ಲಿ ಬಂದ್ ಮಾಡಿದ್ದಕ್ಕೆ ಐನೂರೇ?" ಎಂದು 200 ಕೊಟ್ಟೆ. ಮೆಕ್ಯಾನಿಕಲ್ ಇಂಜಿನಿಯರ್ ಆಗಿ ನಿವೃತ್ತನಾದ ನಾನೇ ಹಾಗೆ ಅಂದೆ. ಸೊಸೈಟಿಗೆ ಲಕ್ಷಗಟ್ಟಲೆ ಉಳಿದಿತ್ತು.

ಊರಿಗೆ ಬಂದ ಮೇಲೆ ಕಮಿಟಿಯ ಮುಂದೆ ಒಂದು ಮಾತು ಇಟ್ಟೆ. ಪ್ಲಂಬರ್ ಇರಲಿ, ಎಲೆಕ್ಟ್ರಿಷಿಯನ್ ಇರಲಿ, ಬಂದು ನೋಡಿ ತೊಂದರೆ ಎಲ್ಲಿದೆ ಎಂದು ಹೇಳಿದ್ದಕ್ಕೆ ಪ್ರತ್ಯೇಕ ಶುಲ್ಕ ಇರಲಿ, ಸಾಮಾನು ಹಾಕಲಿ ಬಿಡಲಿ ಅದು ಸಿಗಲಿ, 500 ಎಂದು ಗೊತ್ತುಮಾಡೋಣ ಅಂದೆ. "ಕೆಲಸ ಮಾಡದೆ ದುಡ್ಡು ಯಾಕೆ?" ಎಂದರು. ಕೇಳಿದವರು ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ ಬರೀ ನೋಡುವುದಕ್ಕೆ ಎಷ್ಟು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ವಿಷಯ ಮುಂದಿನ ಸಭೆಗೆ ಹೋಗಿದೆ.

ಮೇ ತಿಂಗಳಲ್ಲಿ ನಮ್ಮ ಬಚ್ಚಲ ಮಿಕ್ಸರ್ ತೊಟ್ಟಿಕ್ಕತೊಡಗಿತು. ಅದೇ ಪ್ಲಂಬರನಿಗೆ ಫೋನ್ ಮಾಡಿದೆ. ಬಂದ. ಒಳಗಿನ ಸ್ಪಿಂಡಲ್ ಬದಲಾಯಿಸಿದರೆ ಸಾಕಾಗುತ್ತಿತ್ತೇನೋ, ಆತ ಮುಟ್ಟಿಯೂ ನೋಡಲಿಲ್ಲ. ಬಾಗಿಲಲ್ಲೇ ನಿಂತು, "ಇದು ಹೋಗೇತ್ರೀ ಸಾಹೇಬ್ರ, ಹೊಸಾದು ಹಾಕಬೇಕು" ಅಂದ. ಹಾಕಿಸಿದೆ. 3,800 ರೂಪಾಯಿ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.