ನಿಜಾಮನ ಪರ ವಾದಿಸುವವರಿಗೆ ಕೊಪ್ಪಳದ ಉತ್ತರ

1911ರಿಂದ 1948ರವರೆಗೆ ಹೈದರಾಬಾದ್ ಆಳಿದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರನ್ನು ನಮ್ಮ ಭಾಗದ ಭಾಗ್ಯದಾತ ಎಂದು ಕೊಂಡಾಡುವವರಿದ್ದಾರೆ. ಅವರ ಮಾತನ್ನು ಕೊಪ್ಪಳದ ನೆಲದ ಮೇಲೆ ಇಟ್ಟೇ ನೋಡೋಣ.

ತುಂಗಭದ್ರಾ ಅಣೆಕಟ್ಟು ಅವರ ಕೊಡುಗೆ ಎನ್ನುತ್ತಾರೆ. 1945ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯಲ್ಲಿ ಹೈದರಾಬಾದ್ ಪಾಲುದಾರ, ಒಪ್ಪೋಣ. ಇನ್ನೊಂದು ದಂಡೆಯ ಪಾಲುದಾರ ಮದ್ರಾಸ್ ಸರ್ಕಾರ. ನೀರು ಹರಿದದ್ದು 1953ರಲ್ಲಿ, ಅವರ ಆಳ್ವಿಕೆ ಮುಗಿದ ಮೇಲೆ. ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಸೀಮೆಯಾಯಿತು. ಕುಷ್ಟಗಿ, ಯಲಬುರ್ಗಾದ ಎರೆ-ಮಸಾರಿ ಹೊಲಗಳು ಮಳೆಯನ್ನೇ ನಂಬಿ ಉಳಿದವು. ಕೊಪ್ಪಳದ ರೈಲಂತೂ ಅವರದಲ್ಲವೇ ಅಲ್ಲ. ಗದಗ–ಹೊಸಪೇಟೆ ಹಳಿಯನ್ನು ಸದರ್ನ್ ಮರಾಠಾ ಕಂಪನಿ ಅವರು ಪಟ್ಟಕ್ಕೇರುವ ಎಷ್ಟೋ ವರ್ಷ ಮೊದಲೇ ಹಾಕಿತ್ತು.

ಇನ್ನು ವಿದ್ಯೆಯ ಮಾತು. 1918ರಲ್ಲಿ ದೇಶೀ ಭಾಷೆಯಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಧೀಮಂತ ಎನ್ನುತ್ತಾರೆ. ಉಸ್ಮಾನಿಯಾ ದೊಡ್ಡ ಸಾಹಸವೇ ಹೌದು. ಆದರೆ ಆ ದೇಶೀ ಭಾಷೆ ಉರ್ದು. ಪ್ರಜೆಗಳಲ್ಲಿ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಕುಷ್ಟಗಿಯ ಹುಡುಗ ಮೇಲಿನ ತರಗತಿಗೆ ಹೋಗಬೇಕಾದರೆ, ಕಚೇರಿಯಲ್ಲಿ ನೌಕರಿ ಹಿಡಿಯಬೇಕಾದರೆ ತಾಯಿನುಡಿಯನ್ನು ಹೊಸ್ತಿಲಾಚೆ ಬಿಟ್ಟೇ ಹೋಗಬೇಕಿತ್ತು. ಖಾಸಗಿ ಶಾಲೆ ತೆರೆಯಲೂ ಸರ್ಕಾರದ ಅಪ್ಪಣೆ, 1929ರ 53ನೆಯ ಗಸ್ತಿಯ (ಸುತ್ತೋಲೆಯ) ನಂತರ ಸಭೆ ಸೇರಲೂ ಅಪ್ಪಣೆ. ಇಂದು ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಯಾಕೆ ಬೇಕಾಯಿತು ಎಂದು ಕೇಳುವವರು ಈ ಕಾಲದಿಂದಲೇ ಲೆಕ್ಕ ಹಿಡಿಯಬೇಕು.

ಆಡಳಿತ ಶಿಸ್ತಾಗಿತ್ತಂತೆ. ಯಾರ ಆಡಳಿತ? ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ರೈತನಿಗೂ ದೊರೆಗೂ ನಡುವೆ ಜಾಗೀರುದಾರ ಕೂತಿದ್ದ. ಆ ಪದ್ಧತಿ ರದ್ದಾದದ್ದು 1949ರಲ್ಲಿ, ನಿಜಾಮರ ಸರ್ಕಾರ ಬಿದ್ದ ಮೇಲೆ.

1965ರಲ್ಲಿ ದೇಶಕ್ಕೆ ಐದು ಸಾವಿರ ಕಿಲೋ ಬಂಗಾರ ದಾನ ಕೊಟ್ಟರು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಅವರು ಇಟ್ಟದ್ದು 425 ಕಿಲೋ, ಅದೂ ಬಡ್ಡಿ ಬರುವ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡಿನಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಕೊಟ್ಟ ದೇಣಿಗೆ ಮಾತ್ರ ನಿಜವಾದದ್ದು, ಅದನ್ನು ಗೌರವದಿಂದಲೇ ನೆನೆಯುತ್ತೇನೆ.

ಇವೆಲ್ಲ ಹೇಳಿದರೆ ಮುಸ್ಲಿಮರ ಮೇಲಿನ ದ್ವೇಷ ಎನ್ನುವ ಆಕ್ಷೇಪವಿದೆ. ಈ ಮಾತು ನನಗೆ ಅತ್ಯಂತ ನೋವು ಕೊಡುತ್ತದೆ. ನಿಜಾಮರ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆ ರಜಾಕಾರರನ್ನು ವಿರೋಧಿಸಿ ಬರೆದ ತಪ್ಪಿಗೆ 1948ರ ಆಗಸ್ಟಿನಲ್ಲಿ ಕೊಲೆಯಾದವರು 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್. ರಜಾಕಾರರಿಗೆ ಹೆದರಿ ನಮ್ಮ ಹಳ್ಳಿಗರು ಗಡಿ ದಾಟಿ ಮುಂಡರಗಿ, ಗಜೇಂದ್ರಗಡ ಸೇರಿದರು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತ ಸರ್ಕಾರ ನಡೆಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಸಂಸ್ಥಾನದಲ್ಲಿ ಮುಸ್ಲಿಮರ ಕಗ್ಗೊಲೆಯೂ ನಡೆಯಿತು. ಇದನ್ನು ವಿಚಾರಿಸಿದ ಸುಂದರಲಾಲ್ ಸಮಿತಿಯ ಅಂದಾಜು 27,000ದಿಂದ 40,000 ಸಾವು. ರಜಾಕಾರರನ್ನು ಬೆಳೆಯಬಿಟ್ಟ ದೊರೆ 1950ರಲ್ಲಿ ಹೈದರಾಬಾದ್ ರಾಜ್ಯದ ರಾಜಪ್ರಮುಖರಾದರು, 1956ರವರೆಗೂ ಆ ಪದವಿಯಲ್ಲಿದ್ದರು. ಬಲಿಯಾದವರು ಎರಡೂ ಕಡೆಯ ಬಡವರು. ನಿಜಾಮರ ಆಳ್ವಿಕೆ ಮುಗಿದ ನೆನಪಿನ ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣಗಳಲ್ಲಿ ಶೋಯಬುಲ್ಲಾರ ಹೆಸರೂ ಬರಲಿ, ಕಾರ್ಯಾಚರಣೆಯ ನಂತರ ಸತ್ತವರ ಮಾತೂ ಬರಲಿ ಎಂಬುದು ನನ್ನ ಒತ್ತಾಯ.