ಮಕ್ಕಳ ವಾರ್ಡ್‌ನಿಂದ ದೊಡ್ಡವರ ಒಪಿಡಿಗೆ: ನಡುವೆ ಕೈಹಿಡಿಯುವ ನರ್ಸ್ ಎಲ್ಲಿ?

ಟೈಪ್ 1 ಮಧುಮೇಹ, ಥಲಸ್ಸೇಮಿಯಾ, ಹುಟ್ಟಿನಿಂದಲೇ ಬಂದ ಗಂಭೀರ ಹೃದಯ ದೋಷ. ಒಂದು ಕಾಲದಲ್ಲಿ ಇಂಥ ಕಾಯಿಲೆಯಿರುವ ಮಕ್ಕಳು ಬದುಕಿ ದೊಡ್ಡವರಾಗುವುದೇ ಅನುಮಾನವಾಗಿತ್ತು. ಈಗ ಚಿಕಿತ್ಸೆ ಸುಧಾರಿಸಿದೆ, ಅನೇಕರು ಕಾಲೇಜು ಸೇರುತ್ತಿದ್ದಾರೆ, ಕೆಲಸಕ್ಕೂ ಹೋಗುತ್ತಿದ್ದಾರೆ. ಆದರೆ ಮಕ್ಕಳ ವೈದ್ಯರ ಕೈಯಿಂದ ದೊಡ್ಡವರ ವೈದ್ಯರ ಕೈಗೆ ಅವರನ್ನು ದಾಟಿಸುವ ವ್ಯವಸ್ಥೆ ಮಾತ್ರ ದೇಶದ ಹೆಚ್ಚಿನ ಆಸ್ಪತ್ರೆಗಳಲ್ಲಿ ಇನ್ನೂ ರೂಪುಗೊಂಡಿಲ್ಲ.

ಮಕ್ಕಳ ವಿಭಾಗದ ವಯೋಮಿತಿ ಕೆಲವು ಆಸ್ಪತ್ರೆಗಳಲ್ಲಿ 12 ಅಥವಾ 14 ವರ್ಷ, ಕೆಲವೆಡೆ 18. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ 18ಕ್ಕೆ ನಿಲ್ಲುತ್ತದೆ. ಕಾಯಿಲೆ ಮಾತ್ರ ನಿಲ್ಲುವುದಿಲ್ಲ. ಬಹುತೇಕ ಕಡೆ ಈ ದಾಟುವಿಕೆ ಎಂದರೆ ಒಂದು ರೆಫರಲ್ ಚೀಟಿ, ಅಷ್ಟೇ.

ಬಿಟ್ಟುಹೋಗುವ ಅಪಾಯ

ಮಕ್ಕಳ ವಾರ್ಡ್‌ನಲ್ಲಿ ಎಲ್ಲವನ್ನೂ ತಾಯಿಯೇ ಹೇಳುತ್ತಾಳೆ, ಔಷಧದ ಸಮಯವನ್ನೂ ಆಕೆಯೇ ನೆನಪಿಡುತ್ತಾಳೆ. 18 ತುಂಬಿದ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ರೋಗಿಯೇ. ಥಲಸ್ಸೇಮಿಯಾ ರೋಗಿಯನ್ನೇ ನೋಡಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವುದರ ಜತೆಗೆ ದೇಹದಲ್ಲಿ ಸೇರುವ ಕಬ್ಬಿಣಾಂಶ ಹೊರಹಾಕುವ ಔಷಧವನ್ನೂ ತಪ್ಪದೆ ತೆಗೆದುಕೊಳ್ಳಬೇಕು. ಆ ಔಷಧ ಬಿಟ್ಟರೆ ತಕ್ಷಣ ಏನೂ ಗೊತ್ತಾಗುವುದಿಲ್ಲ. ಕಬ್ಬಿಣಾಂಶ ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲೂ ಔಷಧ ತಪ್ಪಿ ಕಸಿ ವಿಫಲವಾಗುವ ಅಪಾಯ ಇದೇ ವಯಸ್ಸಿನಲ್ಲಿ ಹೆಚ್ಚು.

ಬ್ರಿಟನ್ ಕಲಿತ ಪಾಠ

ಬ್ರಿಟನ್‌ನಲ್ಲೂ ಇದು ಸುಲಭವಾಗಿರಲಿಲ್ಲ. ಇಂಗ್ಲೆಂಡಿನ ಆರೋಗ್ಯ ಸೇವೆಗಳ ಮೇಲ್ವಿಚಾರಣೆ ನಡೆಸುವ ಸಂಸ್ಥೆ 2014ರಲ್ಲಿ ಈ ಬಗ್ಗೆ ನೀಡಿದ ವರದಿಯ ಶೀರ್ಷಿಕೆಯೇ ‘ಕೊಳದಿಂದ ಕಡಲಿಗೆ’ ಎಂಬ ಅರ್ಥದ್ದು. 2016ರಲ್ಲಿ ಅಲ್ಲಿನ ನೈಸ್ ಸಂಸ್ಥೆ ಮಾರ್ಗಸೂಚಿ ಹೊರಡಿಸಿತು. 13-14ನೇ ವಯಸ್ಸಿಗೇ ಸಿದ್ಧತೆ ಶುರುವಾಗಬೇಕು, ವಯಸ್ಸನ್ನಷ್ಟೇ ನೋಡಿ ವರ್ಗಾಯಿಸಬಾರದು, ಪ್ರತಿ ರೋಗಿಗೂ ಒಬ್ಬ ನಿರ್ದಿಷ್ಟ ಸಿಬ್ಬಂದಿ ಹೊಣೆಯಾಗಿರಬೇಕು ಎಂದಿತು. ವರ್ಗಾವಣೆಗೆ ಮೊದಲು ಮತ್ತು ನಂತರ ಕನಿಷ್ಠ ಆರಾರು ತಿಂಗಳು ಆ ವ್ಯಕ್ತಿಯ ನೆರವು ಸಿಗಬೇಕು ಎಂದೂ ಹೇಳಿತು. ಹಲವು ಆಸ್ಪತ್ರೆಗಳಲ್ಲಿ ಈ ಹೊಣೆ ಹೊತ್ತವರು ವಿಶೇಷ ತರಬೇತಿ ಪಡೆದ ನರ್ಸ್‌ಗಳು. ರೋಗಿ ಒಬ್ಬನೇ ವೈದ್ಯರೊಂದಿಗೆ ಮಾತನಾಡುವಂತೆ ಅಣಿಗೊಳಿಸುವುದು, ಹೊಸ ವೈದ್ಯರನ್ನು ಮೊದಲೇ ಪರಿಚಯಿಸುವುದು, ತಪಾಸಣೆಗೆ ಬಾರದಿದ್ದರೆ ಫೋನ್ ಮಾಡಿ ವಿಚಾರಿಸುವುದು ಅವರ ಕೆಲಸ.

ನಮ್ಮಲ್ಲಿ ಅಡ್ಡಿ ಎಲ್ಲಿ?

ಭಾರತದಲ್ಲಿ ಎಂಎಸ್ಸಿ ನರ್ಸಿಂಗ್‌ನಲ್ಲಿ ಐದು ವಿಶೇಷ ವಿಭಾಗಗಳಿವೆ. ಮಕ್ಕಳ ಆರೈಕೆ ಒಂದು, ದೊಡ್ಡವರ ಆರೈಕೆಯ ಮೆಡಿಕಲ್-ಸರ್ಜಿಕಲ್ ಇನ್ನೊಂದು. ಆಸ್ಪತ್ರೆಯಲ್ಲಿರುವ ಗೋಡೆಯೇ ತರಗತಿಯಲ್ಲೂ ಇದೆ. ಜತೆಗೆ, ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳನ್ನು ಆಗಾಗ ವಾರ್ಡ್‌ನಿಂದ ವಾರ್ಡ್‌ಗೆ ಬದಲಾಯಿಸುವುದರಿಂದ ರೋಗಿಯೊಂದಿಗೆ ಬೆಳೆದ ನಂಟೂ ಕಡಿದುಹೋಗುತ್ತದೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿ ಬಂದರೂ ಅದರ ಗಮನ ಪೌಷ್ಟಿಕತೆ, ಮಾನಸಿಕ ಆರೋಗ್ಯ, ಲೈಂಗಿಕ ಆರೋಗ್ಯದಂಥ ಸಾಮಾನ್ಯ ವಿಷಯಗಳ ಮೇಲೇ ಹೆಚ್ಚು.

ನರ್ಸ್‌ಗಳ ಕೊರತೆ ಇರುವಾಗ ಹೊಸ ಹುದ್ದೆ ಎಲ್ಲಿಂದ ಎಂಬ ಪ್ರಶ್ನೆ ಸಹಜ. ಆದರೆ ಆರಂಭಕ್ಕೆ ದೊಡ್ಡ ವೆಚ್ಚ ಬೇಕಿಲ್ಲ. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮುಂಬೈನ ವಾಡಿಯಾ, ಹೈದರಾಬಾದ್‌ನ ನಿಲೋಫರ್‌ನಂಥ ಮಕ್ಕಳ ಆಸ್ಪತ್ರೆಗಳಲ್ಲಿ ಹೊರಹೋಗುವ ರೋಗಿಗಳ ಹೊಣೆಯನ್ನು ಅನುಭವಿ ನರ್ಸ್ ಒಬ್ಬರಿಗೆ ವಹಿಸಿ, ಅವರನ್ನು ವಾರ್ಡ್ ಬದಲಾವಣೆಯಿಂದ ಹೊರಗಿಟ್ಟರೂ ಸಾಕು. ತರಬೇತಿಗೆ ಅಧಿಕೃತ ರೂಪ ಕೊಡಲು 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಒಂದು ಅವಕಾಶ.

ಊರು ಬಿಟ್ಟವರಿಗೆ ಇದು ಇನ್ನೂ ಹತ್ತಿರದ ವಿಷಯ. ಮಕ್ಕಳ ವಿಭಾಗ ಬಿಡುವ ವಯಸ್ಸಿಗೇ ಮಗ ಓದಲು ಪುಣೆಗೋ ಚೆನ್ನೈಗೋ ಹೊರಡುತ್ತಾನೆ. ಕಡತ ಬೆಂಗಳೂರಿನಲ್ಲಿ, ರೋಗಿ ಹಾಸ್ಟೆಲ್‌ನಲ್ಲಿ. ಡಿಜಿಟಲ್ ಆರೋಗ್ಯ ಖಾತೆಯಿಂದ ಕಡತವನ್ನು ಸಾಗಿಸಬಹುದು, ತಪಾಸಣೆ ತಪ್ಪಿಸಿದವನನ್ನು ಹುಡುಕಲು ಮನುಷ್ಯರೇ ಬೇಕು. ಅಂಥ ವ್ಯವಸ್ಥೆ ಬರುವವರೆಗೆ ಪಾಲಕರು ಮಾಡಬಹುದಾದ ಕೆಲಸಗಳಿವೆ: ಚಿಕಿತ್ಸೆಯ ಸಾರಾಂಶವನ್ನು ವೈದ್ಯರಿಂದ ಒಂದು ಪುಟದಲ್ಲಿ ಬರೆಸಿಕೊಳ್ಳುವುದು, ಹೊಸ ಊರಿನ ವೈದ್ಯರನ್ನು ಮೊದಲೇ ಗೊತ್ತುಮಾಡುವುದು, 14 ದಾಟಿದ ಮಗುವಿಗೆ ತನ್ನ ಔಷಧದ ಹೆಸರು, ಪ್ರಮಾಣ ತಾನೇ ಹೇಳಲು ಕಲಿಸುವುದು.